ಕಂಪನಿಗಿಂತ ಮೊದಲೇ ಬಂದು ಕುಂತವರು

ನಗಬಾರದ ಜಾಗದಲ್ಲೇ ನಗು ತರಿಸುವುದು ಶಿವನಿಗೆ ಏನು ಹವ್ಯಾಸವೋ ತಿಳಿಯದು. ಕಲಬುರಗಿಯ ಗಾಜಿಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ವಿಭೂತಿ, ರುದ್ರಾಕ್ಷಿ, ಊದಿನಕಡ್ಡಿ ಮಾರುತ್ತೇನೆ. ಬರುವವರಲ್ಲಿ ಅರ್ಧ ಜನ ಮನೆಯಲ್ಲಿ ಕೂಸು ಹುಟ್ಟಿತೆಂದು ಬರುತ್ತಾರೆ, ಉಳಿದರ್ಧ ಜನ ಹಿರಿಯರು ಲಿಂಗೈಕ್ಯರಾದರೆಂದು ಬರುತ್ತಾರೆ. ಇಬ್ಬರೂ ಅದೇ ವಿಭೂತಿ ಗಟ್ಟಿ ಹಿಡಿದು ಅದೇ ರೀತಿ ಚೌಕಾಸಿ ಮಾಡುತ್ತಾರೆ. ದಿನಾ ಬೆಳಗ್ಗೆ ಲಿಂಗಪೂಜೆಗೆ ಕುಳಿತಾಗ, ‘ಇವತ್ತೊಂದು ದಿವಸ ಅಳುವವರ ಎದುರಿಗೆ ನನ್ನ ನಗಿಸಬೇಡಪ್ಪ’ ಎಂದು ಬೇಡಿಕೊಳ್ಳುತ್ತೇನೆ. ಅವನು ಕೇಳುವುದಿಲ್ಲ. ನಮ್ಮೂರಿಗೆ ಒಂದು ದೊಡ್ಡ ಕಂಪನಿ ತರುತ್ತೇವೆಂದು ಎಲ್ಲರೂ ಓಡಾಡಿದ ಆ ಬೇಸಿಗೆಯಲ್ಲಂತೂ ಅವನು ಒಂದು ದಿನವೂ ಬಿಡುವು ಕೊಡಲಿಲ್ಲ.

೧. ಸಾವಿಲ್ಲದ ಊರು

ದೂರದ ಕಂಪನಿಯೊಂದು ತನ್ನ ಹೊಸ ಮುಖ್ಯ ಕಚೇರಿ ಕಟ್ಟಲು ಊರು ಹುಡುಕುತ್ತಿತ್ತು. ಕನ್ಯೆ ನೋಡಲು ಬರುವ ಬೀಗರ ಹಾಗೆ ಊರೂರಿಗೆ ಪ್ರಶ್ನೆ ಕಳಿಸಿತು. ಒಂದು ಊರು ಕೆರೆ ಕೊಡುತ್ತೇವೆ ಎಂದಿತು, ಇನ್ನೊಂದು ಗುಡ್ಡವನ್ನೇ ಬರೆದುಕೊಡುತ್ತೇವೆ ಎಂದಿತು. ಕಲಬುರಗಿ ಹಿಂದೆ ಬಿದ್ದೀತೇ? ಸ್ವಾಗತ ಸಮಿತಿ ಹುಟ್ಟಿತು.

ಅಧ್ಯಕ್ಷರು ಸೇಡಂ ರಸ್ತೆಯ ಸಿಮೆಂಟು ವ್ಯಾಪಾರಿ. ಕಂಪನಿಯ ಜನ ಬಾಡಿಗೆಗೆ ಬರುತ್ತಾರೆಂದು ನಂಬಿ, ನಾಲ್ಕಂತಸ್ತು ಎಬ್ಬಿಸಿ, ಕಿಟಕಿಗೆ ಗಾಜು ಕೂರಿಸುವ ಮೊದಲೇ ‘ಬಾಡಿಗೆಗಿದೆ’ ಎಂದು ಬೋರ್ಡು ಹಾಕಿದವರು. ಬ್ಯಾನರಿನ ಬಟ್ಟೆ ಹೊಲಿಯಲಿಕ್ಕೆಂದು ನನ್ನ ಪಕ್ಕದ ಅಂಗಡಿಯ ದರ್ಜಿ ಚಾಚಾನನ್ನು ಸಮಿತಿಗೆ ತೆಗೆದುಕೊಂಡರು. ಊರವರು ನನ್ನನ್ನು ‘ಶರಣ್ರ’ ಅಂತಲೇ ಕರೆಯುವುದರಿಂದ, ದೇವರ ಕಡೆಯಿಂದಲೂ ಒಬ್ಬರು ಇರಲಿ ಎಂದು ನನ್ನನ್ನೂ ಸೇರಿಸಿಕೊಂಡರು.

ಸಿಮೆಂಟಿನ ಗೋದಾಮಿನಲ್ಲಿ ಸಭೆ. ಕಂಪನಿಯ ಪ್ರಶ್ನೆಗಳನ್ನು ಅಧ್ಯಕ್ಷರು ಒಂದೊಂದಾಗಿ ಓದಿದರು. ‘ನಿಮ್ಮಲ್ಲಿ ಬೇಸಿಗೆಯ ಬಿಸಿಲಿಗೆ ಜನ ಸಾಯುತ್ತಾರೆಯೇ?’ ಎಂಬ ಪ್ರಶ್ನೆ ಬಂದಾಗ ಉತ್ತರ ಬರೆದುಕೊಳ್ಳುತ್ತಿದ್ದ ಹುಡುಗ ಪೆನ್ನು ಎತ್ತಿ ಹಿಡಿದ. ಅದೇ ವಾರ ನಮ್ಮ ಓಣಿಯಲ್ಲಿ ತಳ್ಳುಬಂಡಿಯವನೊಬ್ಬ ಬಿಸಿಲಲ್ಲಿ ಬಿದ್ದವನು ಎದ್ದಿರಲಿಲ್ಲ. ಅವನ ಮನೆಯವರು ನನ್ನ ಅಂಗಡಿಗೇ ಬಂದು ಹೋಗಿದ್ದರು.

“ಇಲ್ಲಂತ ಬರೀರಿ,” ಎಂದರು ಅಧ್ಯಕ್ಷರು.

“ಬಿಸಿಲಿಗಿ ಇಲ್ಲಂದ್ರ ಮತ್ತ ಯಾವುದಕ್ಕ ಸಾಯ್ತಾರ ಅಂತ ಕೇಳಿದ್ರ ಏನ್ ಹೇಳೋದ್ರಿ?” ಎಂದ ಬರೆಯುವವನು.

“ಯಾವುದಕ್ಕೂ ಇಲ್ಲ. ನಮ್ಮಲ್ಲಿ ಯಾರೂ ಸಾಯಂಗಿಲ್ಲಂತ ಬರೀರಿ.”

ಮೂಲೆಯಲ್ಲಿ ಬ್ಯಾನರು ಹೊಲಿಯುತ್ತಿದ್ದ ಚಾಚಾ ಕತ್ತರಿ ಕೆಳಗಿಟ್ಟ. “ಅಧ್ಯಕ್ಷರ, ಹಂಗಾದ್ರ ನಾ ಕಫನ್ ಬಟ್ಟಿ ಕತ್ತರ್ಸೋದು ಯಾರಿಗಿ? ಈ ಶರಣ್ರು ವಿಭೂತಿ ಮಾರೋದು ಯಾರಿಗಿ?”

ಅಧ್ಯಕ್ಷರು ಬೆವರು ಒರೆಸಿಕೊಂಡರು. “ಚಾಚಾ, ಕಂಪನಿ ಬರೋತನಕ ಒಂದೀಟು ತಡೀರಿ ಅಂತ ಎಲ್ಲಾರಿಗೂ ಹೇಳ್ರಿ. ಬಂದ ಮ್ಯಾಲ ಯಾರರ ಏನರ ಮಾಡ್ಕೊಳ್ಳಿ, ನಾ ಅಡ್ಡ ಬರಂಗಿಲ್ಲ.”

೨. ಚಹಾ ಕೇಳಿದ್ದು

ಕಂಪನಿಗೆ ತೋರಿಸಲು ಜಾಗ ಹುಡುಕಿದ್ದು ಕಮಲಾಪುರದಲ್ಲಿ, ಹೆದ್ದಾರಿಯ ಮಗ್ಗುಲಿಗೆ. ಅದೆಲ್ಲ ಕೆಂಪು ಬಾಳೆಯ ತೋಟ. ಸುತ್ತಲಿನವರು ಒಪ್ಪಿದ್ದರು. ನೆಲ ಬಯಲಾಗಿ ಚೆನ್ನಾಗಿ ಕಾಣಲಿ ಎಂದು ಕೆಲವರು ಗೊನೆ ಬಲಿಯುವ ಮೊದಲೇ ಗಿಡ ಕಡಿದು ಹಾಕಿದ್ದರು. ನಟ್ಟನಡುವೆ ಇದ್ದದ್ದು ನನ್ನ ಅಣ್ಣನ ತೋಟ. ಅವನನ್ನು ಒಪ್ಪಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅಣ್ಣನಿಗೆ ಆಗಲೇ ದಮ್ಮು. ನಾಲ್ಕು ಹೆಜ್ಜೆ ಇಟ್ಟರೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ನಮ್ಮನ್ನು ಕಂಡು, ಟವಲಿನಿಂದ ಬಾಯಿ ಒರೆಸಿಕೊಂಡು, “ಬರ್ರಿ, ಶರಣ್ರಿ,” ಎಂದು ಅಧ್ಯಕ್ಷರಿಗೆ ಕೈಮುಗಿದ. ತೋಟದ ನಡುವೆ ಒಂದು ಬೇವಿನ ಗಿಡ. ಅದರ ಕೆಳಗೆ ಕಸ ಹೊಡೆದು, ಹೂವಿಟ್ಟ ಒಂದು ಕಲ್ಲಿನ ಕಟ್ಟೆ. ಬಿಸಿಲಲ್ಲಿ ನಡೆದು ದಣಿದಿದ್ದ ಅಧ್ಯಕ್ಷರು ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತೇಬಿಟ್ಟರು.

“ಹಾ, ಏನ್ ತಂಪದರಿ ಇಲ್ಲಿ. ಯಜಮಾನರ, ಮನಿಯವ್ರು ಎಲ್ಲಿ ಹೋಗ್ಯಾರ? ಒಂದೀಟು ಚಹಾ ಮಾಡಸ್ರಿ.”

“ಎಲ್ಲೂ ಹೋಗಿಲ್ರಿ,” ಎಂದ ಅಣ್ಣ. “ನೀವು ಆಕಿ ಮ್ಯಾಲೇ ಕುಂತೀರಿ.”

ಅಷ್ಟು ದಪ್ಪ ದೇಹ ಅಷ್ಟು ಬೇಗ ಮೇಲೇಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಮ್ಮ ಪದ್ಧತಿಯಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಮೀಯಿಸಿ, ಹೊಸ ಬಟ್ಟೆ ತೊಡಿಸಿ, ಹಣೆತುಂಬ ವಿಭೂತಿ ಬಳಿದು, ವಿಮಾನವೆನ್ನುವ ಹೂವಿನ ಮಂಟಪದಲ್ಲಿ ಕೂಡಿಸಿ ಭಜನೆಯೊಂದಿಗೆ ಹೊಲಕ್ಕೆ ಕರೆತರುತ್ತೇವೆ. ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕುಳಿತ ಹಾಗೆಯೇ ಮಣ್ಣಿಗೆ ಒಪ್ಪಿಸುತ್ತೇವೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಆ ಬೇವಿನ ಕೆಳಗೆ ಹಾಗೆ ಕುಳಿತವರು.

ದೂರ ನಿಂತ ಅಧ್ಯಕ್ಷರು ಕಟ್ಟೆಗೆ ಎರಡು ಸಲ ಕೈಮುಗಿದು ಮಾತಿಗೆ ಬಂದರು. “ಅವ್ರನ್ನ ಶಿಫ್ಟ್ ಮಾಡ್ಸೋಣ್ರಿ. ಸೇಡಂ ರಸ್ತಿ ಕಡಿ ಹೊಸಾ ಲೇಔಟ್‌ನಾಗ ಕಾರ್ನರ್ ಜಾಗಾ ಕೊಡಿಸ್ತೀನಿ.”

“ಆ ಗದ್ದಲ ಆಕಿಗಿ ಬದುಕಿದ್ದಾಗೇ ಒಗ್ಗಲಿಲ್ಲ. ಈಗ ಒಗ್ಗತದೇನ್ರಿ?” ಎಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿದ. “ತಮ್ಮಾ, ಕಂಪನಿ ಬ್ಯಾಡ ಅನ್ನಂಗಿಲ್ಲ ನಾ. ಊರ ಹುಡುಗರಿಗಿ ಕೆಲಸ ಸಿಗಲಿ. ಆದ್ರ ಆಕಿ ಬಾಜೂಕ ನನಗೂ ಕೂಡಾಕ ಜಾಗಾ ಇರ್ಲಿ. ನಾ ಕುಂತ ಮ್ಯಾಲ ಸುತ್ತ ಏನ್ ಬೇಕಾದ್ದು ಕಟ್ಟಿಕೊಳ್ಳಿ. ನೀ ಕೂಡಸ್ತಿ ಹೌದಿಲ್ಲೋ?”

ಕೊರಳಿನ ಲಿಂಗ ಮುಟ್ಟಿ, “ಕೂಡಸ್ತೀನಿ ಅಣ್ಣಾ,” ಎಂದೆ.

ಕಲಬುರಗಿಗೆ ಮರಳುವ ದಾರಿಯಲ್ಲಿ ಮಹಾಗಾಂವ ದಾಟಿದ ಮೇಲೆ ಅಧ್ಯಕ್ಷರು ಕಾರಿನಲ್ಲಿ ನನ್ನ ಕಡೆ ತಿರುಗಿದರು. “ಶರಣ್ರ, ಒಂದು ಸಮಾಧಿ ಇದ್ರ ಕಟ್ಟಿ ಅಂತ ತೋರಿಸಬಹುದು. ಹೊಸಾದು ಇನ್ನೊಂದು ಆತಂದ್ರ ಮುಚ್ಚಿಡೋದು ಹ್ಯಾಂಗ? ಖಾಲಿ ಜಾಗಾ ಅಂತ ಬರದು ಕೊಟ್ಟೀವಿ. ನಿಮ್ಮಣ್ಣಗ ಸ್ವಲ್ಪ ತಡೀರಿ ಅಂತ ಹೇಳ್ರಿ,” ಎಂದರು.

“ಹೇಳ್ತೀನ್ರಿ,” ಎಂದೆ. “ಆದ್ರ ನಮ್ಮಣ್ಣ ಬಸ್ಸಿಗೇ ತಾಸು ಮುಂಚೆ ಹೋಗಿ ಕೂಡೋ ಮನಷ್ಯಾ.”

೩. ಸಹಜವಾಗಿ ಬೆವರಿದ ರೋಗಿ

ಬಿಸಿಲು ಏರಿದ ಹಾಗೆ ಅಣ್ಣನ ಉಸಿರು ಇಳಿಯುತ್ತ ಬಂತು. ಸೇಡಂ ರಸ್ತೆಯ ಒಂದು ದವಾಖಾನೆಗೆ ಸೇರಿಸಿದೆ. ಅದೇ ವಾರ ಕಂಪನಿಯ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗಿಂತ ಮೊದಲು ಒಂದು ತಂಡ ಬಂದು ಶಾಲೆ, ದವಾಖಾನೆ ನೋಡಿ ಹೋಗುತ್ತದೆ ಎಂದಾಯಿತು.

ಹಿಂದಿನ ದಿನ ದವಾಖಾನೆಯ ಮ್ಯಾನೇಜರು ವಾರ್ಡಿಗೆ ಬಂದು ಎಲ್ಲರಿಗೂ ಕೈಮುಗಿದ. “ನಾಳೆ ಕಂಪನಿಯವ್ರು ಬರ್ತಾರ್ರಿ. ಹಾಸಗಿ ಮ್ಯಾಲ ಜನ ಮಲಗಿದ್ರ ಚಲೋ ಕಾಣಂಗಿಲ್ಲ. ಒಂದು ದಿವಸ ಎಲ್ಲಾರೂ ಮನಿಗಿ ಹೋಗಿ ಬರ್ರಿ.”

ಪಕ್ಕದ ಹಾಸಿಗೆಯ ಹೆಣ್ಣುಮಗಳು ಗಂಡನ ಕೈ ಹಿಡಿದುಕೊಂಡೇ, “ಇವರಿಗಿ ಉಸಿರಾಡಾಕ ಆಗವಲ್ದು ಸರ,” ಎಂದಳು.

“ನಾಳೆ ಒಂದಿನ ಮನ್ಯಾಗ ಆಡ್ಲಿ ಅವ್ವಾರ. ನಾಡಿದ್ದು ಕರ್ಕೊಂಡು ಬರ್ರಿ.”

ಅಣ್ಣನೇ ಎದ್ದು ಕುಳಿತು ಚಪ್ಪಲಿ ಹುಡುಕತೊಡಗಿದ. “ನಡೀ ತಮ್ಮಾ. ಕಂಪನಿ ಇನ್ನಾ ಬಂದೇ ಇಲ್ಲ, ನನ್ನ ಎಬ್ಬಿಸಾಕ ಸುರು ಮಾಡ್ತು ನೋಡು.” ಅಷ್ಟು ನಕ್ಕದ್ದಕ್ಕೇ ಅವನಿಗೆ ದಮ್ಮು ಹತ್ತಿ, ಗೋಡೆ ಹಿಡಿದು ನಿಂತ. ಗಾಜಿಪುರದ ನನ್ನ ಮನೆಗೆ ಕರೆತಂದೆ.

ಮರುದಿನ ತಂಡ ಬಂತು. ಬಿಳಿ ಹಾಸಿಗೆ, ಹೊಸ ಪರದೆ, ಫಿನಾಯಿಲಿನ ವಾಸನೆ. ತಂಡದವರೊಬ್ಬರು ಸುತ್ತ ನೋಡಿ, “ಎಲ್ಲ ಸರಿ, ರೋಗಿಗಳೆಲ್ಲಿ?” ಎಂದರಂತೆ.

“ಎಲ್ಲರೂ ಗುಣವಾಗಿ ಹೋದರು,” ಎಂದ ಮ್ಯಾನೇಜರು.

“ಒಬ್ಬರಾದರೂ ಇದ್ದಿದ್ದರೆ ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂದು ತಿಳಿಯುತ್ತಿತ್ತು.”

ತಂಡದವರಿಗೆ ಇನ್ನೂ ಪರಿಚಯವಾಗದೆ ಹಿಂದೆ ನಿಂತಿದ್ದ ನಮ್ಮ ಅಧ್ಯಕ್ಷರು ಹಾಗೇ ಸರಿದು, ಪಕ್ಕದ ಕೋಣೆಯಲ್ಲಿ ಅಂಗಿ ಕಳಚಿ ಹಾಸಿಗೆಯ ಮೇಲೆ ಮಲಗಿಬಿಟ್ಟರು. ನರ್ಸಮ್ಮ ರಟ್ಟೆಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ಹಾಕಿದಳು. ‘ಇವರೊಬ್ಬರು ಉಳಿದಿದ್ದಾರೆ’ ಎಂದು ಮ್ಯಾನೇಜರು ಕರೆತಂದ ತಂಡದವರು ನೋಡಿ ತಲೆದೂಗಿ ಹೋದರು. ನರ್ಸಮ್ಮ ಮಾತ್ರ ಮೀಟರನ್ನೇ ನೋಡುತ್ತ ನಿಂತವಳು ಡಾಕ್ಟರನ್ನು ಕೂಗಿದಳು.

“ಸಾಕು ಬಿಚ್ಚವ್ವಾ, ಅವ್ರು ಹೋದ್ರು,” ಎಂದರು ಅಧ್ಯಕ್ಷರು.

“ಅವ್ರು ಹೋದ್ರು ಖರೆ,” ಎಂದರು ಡಾಕ್ಟರು. “ನೀವು ಏಳಬ್ಯಾಡ್ರಿ. ಇಷ್ಟು ಬಿ.ಪಿ. ಇಟ್ಕೊಂಡು ಇಷ್ಟು ದಿವಸ ಹ್ಯಾಂಗ ಅಡ್ಡಾಡಿದ್ರಿ?”

ಅವತ್ತು ಇಡೀ ದವಾಖಾನೆಗೆ ಅವರೊಬ್ಬರೇ ರೋಗಿ. ಗುಳಿಗೆ ನುಂಗಿಸಿ ಸಂಜೆಗೆ ಮನೆಗೆ ಬಿಟ್ಟರು. ತಂಡದವರು ಬಹಳ ಮೆಚ್ಚಿಕೊಂಡು ಹೋದರಂತೆ, ರೋಗಿಯನ್ನು ನಟನೆಗೆಂದು ಮಲಗಿಸಿರಲಿಲ್ಲ, ಎಷ್ಟು ಸಹಜವಾಗಿ ಬೆವರುತ್ತಿದ್ದ ಅಂತ.

೪. ಕುಂತ ಅಳತೆ

ನಾಡಿದ್ದು ಕರೆದುಕೊಂಡು ಬನ್ನಿ ಎಂದಿದ್ದರಲ್ಲ, ಕರೆದೊಯ್ಯುವ ಪ್ರಸಂಗ ಬರಲಿಲ್ಲ. ತಂಡ ಬಂದು ಹೋದ ಆ ಸಂಜೆಯೇ ದೀಪ ಹಚ್ಚಿದ ಮೇಲೆ ಅಣ್ಣ ಲಿಂಗಕ್ಕೆ ನೀರೆರೆದು, ಕಣ್ಣಿಗೊತ್ತಿಕೊಂಡ. ಒತ್ತಿಕೊಂಡ ಕೈ ಕೆಳಗೆ ಇಳಿದದ್ದು ನಾನು ಹಿಡಿದು ಇಳಿಸಿದ ಮೇಲೆಯೇ. ಶಿವನ ಪಾದ ಸೇರಿದ. ನರಳಲಿಲ್ಲ, ಅಷ್ಟು ದಯೆ ಇತ್ತು.

ದೊಡ್ಡ ಸಾಹೇಬರು ಕಮಲಾಪುರದ ಜಾಗ ನೋಡಲು ಬರುವುದು ಮರುದಿನವೇ ಇತ್ತು. ಸುದ್ದಿ ತಿಳಿದು ಅಧ್ಯಕ್ಷರು ಗುಳಿಗೆಯ ಚೀಟಿ ಜೇಬಿನಲ್ಲಿಟ್ಟುಕೊಂಡೇ ಓಡಿ ಬಂದರು. “ಎಂಥಾ ಮನಷ್ಯಾರು ಹೋಗಿಬಿಟ್ರು,” ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು. ನನ್ನ ಕಿವಿಯ ಹತ್ತಿರ ಬಂದು, “ಎಂಥಾ ದಿವ್ಸ ಹೋದ್ರು,” ಎಂದರು.

“ಶರಣ್ರ, ಇಲ್ಲೇ ಸಿಟಿ ರುದ್ರಭೂಮಿದಾಗ ಜಾಗಾ ಕೊಡಿಸ್ತೀನಿ. ಇಲ್ಲಂದ್ರ ಎರಡು ದಿವ್ಸ ಐಸಿನ ಪೆಟಗ್ಯಾಗ ಇಡೋಣ. ಸಾಹೇಬರು ಹೋದ ಮ್ಯಾಲ ನಾನೇ ಮುಂದ ನಿಂತು ಬ್ಯಾಂಡ್ ಹಚ್ಚಿ ಕಳಸ್ತೀನಿ.” ಕೆಟ್ಟ ಮನುಷ್ಯರಲ್ಲ ಅವರು. ಕಣ್ಣಲ್ಲಿ ನೀರು ನಿಜವಾಗಿಯೇ ಇತ್ತು. “ನನ್ನ ಬಿಲ್ಡಿಂಗ್ ನೋಡ್ರಿ. ಗಾಳಿ ಬಿಟ್ರ ಇನ್ನ ಯಾರೂ ಒಳಗ ಬಂದಿಲ್ಲ.”

“ಬರೇ ಬಾಯಿಮಾತಾಗಿದ್ರ ನಾ ಬಿಡ್ತಿದ್ದೆರಿ,” ಎಂದೆ. “ಲಿಂಗ ಮುಟ್ಟಿ ಹೇಳೀನಿ.”

ಅವರೂ ದೈವಭಕ್ತರೇ. ಕೈಗಡಿಯಾರ ನೋಡಿಕೊಂಡು, “ಹಂಗಾದ್ರ ಮುಂಜಾನೆ ಜಲ್ದಿ ಮುಗಿಸಿಬಿಡ್ರಿ. ಸಾಹೇಬರು ಬರೋದು ಮಧ್ಯಾಹ್ನ. ಮ್ಯಾಲ ಎರಡು ಬಾಳಿಗಿಡ ನೆಟ್ಟುಬಿಡ್ರಿ,” ಎಂದರು.

ಹೊಸ ಅಂಗಿ ಹೊಲಿಯಲು ಚಾಚಾ ಟೇಪು ಹಿಡಿದು ಬಂದ. ಅಣ್ಣನನ್ನು ಗೋಡೆಗೆ ಆನಿಸಿ ಕೂಡಿಸಿದ್ದೆವು. “ಚಾಚಾ, ಅಣ್ಣನ ಅಳತಿ ನಿಮ್ಮ ಹತ್ರ ಇರಬೇಕಲ್ಲ?” ಎಂದೆ.

“ನಿಂತ ಅಳತಿ ಅದ. ಕುಂತ ಅಳತಿ ಇಲ್ಲ,” ಎಂದು ಅವನು ಅಣ್ಣನ ಎದುರು ಮೊಣಕಾಲೂರಿ, ಬದುಕಿದ್ದವರನ್ನು ಮುಟ್ಟುವ ಹಾಗೆ ಮೆಲ್ಲಗೆ ಭುಜ ಅಳೆದ. ಅಳೆಯುತ್ತ ಅವನ ಗಡ್ಡ ಒದ್ದೆಯಾಯಿತು. “ಇಷ್ಟು ವರ್ಷ ಬಗಲಾಗ ಬಿಗಿ ಆತು ಅಂತ ವಾಪಸ್ ತಂದು ನನ್ನ ಹೈರಾಣ ಮಾಡ್ಯಾರ ಇವ್ರು. ಈ ಸಲ ಎರಡು ಬೆರಳು ಜಾಸ್ತಿ ಬಿಡ್ತೀನಿ. ಆದ್ರೂ ಬಿಗಿ ಅನಸಿದ್ರ ಖುದ್ದು ಬಂದು ಹೇಳ್ಲಿ ಶರಣ್ರ, ನಾ ಒಂದ್ ಮಾತೂ ಅನ್ನಂಗಿಲ್ಲ.”

೫. ಮೌನವ್ರತ

ಬೆಳಗ್ಗೆ ಟೆಂಪೋದಲ್ಲಿ ಅಣ್ಣನನ್ನು ಕಮಲಾಪುರಕ್ಕೆ ಕರೆದೊಯ್ದೆವು. ಊರ ಮುಂದೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಬಾಳೆಕಂಬ ಕಟ್ಟಿ ವಿಮಾನ ಸಿದ್ಧವಾಗಿತ್ತು. ಬಿಳಿ ಅಂಗಿ, ಹಳದಿ ರುಮಾಲು, ಹಣೆತುಂಬ ವಿಭೂತಿ, ಕೊರಳತುಂಬ ಚೆಂಡುಹೂವು. ಮುಚ್ಚಿದ ಕಣ್ಣು. ಅಷ್ಟು ನಿರಾಳವಾಗಿ ಉಸಿರಿನ ಗೊಡವೆಯಿಲ್ಲದೆ ಅಣ್ಣ ಕುಳಿತದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ತಾಳ, ದಪ್ಪು ಬಾರಿಸುತ್ತ ಭಜನೆಯವರು ಮುಂದೆ, ನಾವು ಹಿಂದೆ.

ನಮ್ಮಲ್ಲಿ ಬಿಸಿಲಿಗೆ ಯಾರೂ ಸಾಯುವುದಿಲ್ಲ ಎಂದು ಬರೆದು ಕಳಿಸಿದ್ದನ್ನು ಸಾಹೇಬರು ಅಷ್ಟಾಗಿ ನಂಬಿರಲಿಲ್ಲವೆಂದು ಕಾಣುತ್ತದೆ. ಮಧ್ಯಾಹ್ನಕ್ಕೆ ಬರಬೇಕಾದವರು ಬಿಸಿಲಿಗೆ ಹೆದರಿ ಬೆಳಗ್ಗೆಯೇ ಹೊರಟುಬಂದಿದ್ದರು. ತೋಟದ ದಾರಿಗೆ ತಿರುಗಿ ಹಿಂದೆ ನೋಡುತ್ತೇನೆ, ನಮ್ಮ ಮೆರವಣಿಗೆಯ ಬೆನ್ನಿಗೇ ಕರಿ ಕಾರುಗಳ ಸಾಲು. ಹಾರನ್ನು ಕೂಡ ಹೊಡೆಯದೆ ಮೆಲ್ಲಗೆ ಬರುತ್ತಿವೆ. ಸ್ವಲ್ಪ ಹೊತ್ತಿಗೆ ಕಾರಿನಿಂದ ಎತ್ತರದ, ನರೆತ ತಲೆಯ ಪರದೇಶದ ಸಾಹೇಬರು ಇಳಿದು, ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುತ್ತ ನಮ್ಮ ಜತೆ ನಡೆಯತೊಡಗಿದರು. ಇದೆಲ್ಲ ತಮ್ಮ ಸ್ವಾಗತಕ್ಕೆ ಎಂದು ಅವರು ತಿಳಿದಿದ್ದರು.

ತೋಟದ ತುದಿಯ ಶಾಮಿಯಾನದಲ್ಲಿ ಹಾರ ಹಿಡಿದು ನಿಂತಿದ್ದ ಅಧ್ಯಕ್ಷರು ಇದನ್ನು ನೋಡಿ ಕುರ್ಚಿ ಹಿಡಿದುಕೊಂಡರು. ಮೆರವಣಿಗೆ ಅಲ್ಲಿ ಮುಟ್ಟಿದಾಗ ಸಾಹೇಬರ ಕೊರಳಿಗೆ ಹಾರ ಹಾಕಿದರು. ಸಾಹೇಬರು ಆ ಹಾರ ತೆಗೆದು, ಟ್ರಾಲಿ ಹತ್ತಿ, ಅಣ್ಣನ ಕೊರಳಿಗೆ ಹಾಕಿ ಕೈಮುಗಿದರು. ಅವರ ಮಾತನ್ನು ಕನ್ನಡಕ್ಕೆ ಹೇಳಲು ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳು ಜತೆಗಿದ್ದಳು.

“ಇವರು ಈ ಊರಿನ ಹಿರಿಯರಾ ಅಂಕಲ್?”

“ಹೌದು ತಾಯಿ, ನಮ್ಮಣ್ಣ.”

“ಮಾತಾಡೋದಿಲ್ವಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಕೆಳಗಿನಿಂದ, “ಮೌನವ್ರತ, ಮೌನವ್ರತ,” ಎಂದರು.

ನಾನು ಸುಳ್ಳು ಹೇಳುವವನಲ್ಲ. ಅಣ್ಣನ ಎದುರಿಗಂತೂ ಹೇಳುವವನೇ ಅಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದೆ.

“ಯಾವಾಗಿಂದ ಮಾತು ಬಿಟ್ಟಿದ್ದಾರೆ?”

“ನಿನ್ನಿ ಸಂಜಿಯಿಂದ ತಾಯಿ.”

“ಊಟ?”

“ನೀರೂ ಮುಟ್ಟಿಲ್ಲ.”

“ಅಯ್ಯೋ. ಯಾವಾಗ ಬಿಡ್ತಾರೆ ಈ ವ್ರತ?”

“ಇನ್ನ ಬಿಡಂಗಿಲ್ಲ ತಾಯಿ.”

ಅವಳು ಅದನ್ನೆಲ್ಲ ಸಾಹೇಬರಿಗೆ ಹೇಳಿದಳು. ಅವರ ಮುಖ ಮೆತ್ತಗಾಯಿತು. ಬಹಳ ಹೊತ್ತು ಅಣ್ಣನನ್ನೇ ನೋಡಿ ಏನೋ ಹೇಳಿದರು.

“ಎಲ್ಲ ಊರಲ್ಲೂ ಹಿರಿಯರು ಬಾಯಿ ಮುಚ್ಚದೆ ತಮ್ಮೂರು ಹೊಗಳಿದರಂತೆ. ಒಂದು ಮಾತೂ ಆಡದೆ, ಉಪವಾಸ ಕೂತು ಕಾದವರು ಇವರೊಬ್ಬರೇ ಅಂತಾರೆ ಸಾಹೇಬರು. ಇವರಿಗೆ ಏನು ಬೇಕು ಅಂತ ಕೇಳ್ತಿದ್ದಾರೆ.”

ಅಧ್ಯಕ್ಷರು ಗುಳಿಗೆ ಬಾಯಿಗೆ ಹಾಕಿಕೊಂಡರು. ನಾನು ಬೇವಿನ ಗಿಡದ ಕಡೆ ಕೈ ತೋರಿಸಿದೆ. “ಏನೂ ಬ್ಯಾಡ ತಾಯಿ. ಅಗೋ, ಅಲ್ಲಿ ಕೂಡಾಕ ಒಂದೀಟು ಜಾಗಾ. ನಮ್ಮ ವೈನಿ ಬಾಜೂಕ.”

“ಅವರ ಹೆಂಡತಿನೂ ಬಂದಿದ್ದಾರಾ?”

“ಅವ್ರು ಮೊದಲೇ ಬಂದು ಕುಂತಾರ.”

ಸಾಹೇಬರು ಎದೆಯ ಮೇಲೆ ಕೈಯಿಟ್ಟು ಅಣ್ಣನಿಗೆ ತಲೆಬಾಗಿದರು. ಇಲ್ಲಿ ಏನೇ ಕಟ್ಟಿದರೂ ಈ ಹಿರಿಯರನ್ನು ಅಲ್ಲಿಂದ ಯಾರೂ ಎಬ್ಬಿಸುವುದಿಲ್ಲ, ಇದು ತನ್ನ ಮಾತು ಎಂದರು. ಆಮೇಲೆ ಅಧ್ಯಕ್ಷರು, “ಸಾಹೇಬರಿಗಿ ಬಿಸಿಲಾಕತ್ತದ, ಮುಂದ ಹೆದ್ದಾರಿ ತೋರಸ್ತೀನಿ ಬರ್ರಿ,” ಎಂದು ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಹೋದರು.

ಕಾರಿನ ಧೂಳು ಅಡಗಿದ ಮೇಲೆ ಬೇವಿನ ಕೆಳಗೆ, ವೈನಿಯ ಪಕ್ಕದಲ್ಲಿ ಅಣ್ಣನನ್ನು ಕೂಡಿಸಿದೆವು. ಉಪ್ಪು, ವಿಭೂತಿ, ಬಿಲ್ವಪತ್ರೆ. ವಿಭೂತಿ ನನ್ನ ಅಂಗಡಿಯದೇ, ಚೌಕಾಸಿ ಮಾಡುವವರು ಯಾರೂ ಇರಲಿಲ್ಲ. ಸಾಹೇಬರ ಹಾರವನ್ನೂ ತೆಗೆಯಲಿಲ್ಲ. ಕಂಪನಿಯಿಂದ ನಮ್ಮೂರಿಗೆ ಸಿಕ್ಕದ್ದು ಅದೊಂದೇ, ಅದೂ ಅಧ್ಯಕ್ಷರು ತಂದದ್ದು.

೬. ಎದ್ದು ಹೋಗಲು ಹೇಳಿ

ಕಂಪನಿ ಬೇರೊಂದು ಊರಿಗೆ ಹೋಯಿತು. ಅಲ್ಲಿಗೇ ಹೋಗುವುದೆಂದು ಮೊದಲೇ ತೀರ್ಮಾನವಾಗಿತ್ತಂತೆ. ಉಳಿದ ಊರುಗಳನ್ನು ನೋಡಿದ್ದು ಬರೀ ಪದ್ಧತಿಗೆ. ಕಮಲಾಪುರದಲ್ಲಿ ಬಾಳೆ ಕಡಿದವರ ನೆಲ ಬಯಲಾಗಿಯೇ ಬಿದ್ದಿದೆ. ಅಣ್ಣನ ತೋಟವೊಂದೇ ಹಸಿರು. ಅಧ್ಯಕ್ಷರ ನಾಲ್ಕಂತಸ್ತಿನಲ್ಲಿ ಪಾರಿವಾಳಗಳು ಸಂಸಾರ ಹೂಡಿವೆ. ಬೋರ್ಡು ಇನ್ನೂ ಇದೆ. ದವಾಖಾನೆಯಲ್ಲಿ ಗಂಡನ ಕೈ ಹಿಡಿದುಕೊಂಡಿದ್ದ ಆ ಹೆಣ್ಣುಮಗಳು ಒಂದು ದಿನ ನನ್ನ ಅಂಗಡಿಗೆ ಬಂದು ವಿಭೂತಿ ಕೇಳಿದಳು. ನಾನು ಯಾಕೆಂದು ಕೇಳಲಿಲ್ಲ, ಅವಳೂ ಬೆಲೆ ಕೇಳಲಿಲ್ಲ.

ಶಿವ ಇಷ್ಟಕ್ಕೆ ಬಿಡುತ್ತಾನೆ ಎಂದುಕೊಂಡಿದ್ದೆ. ಒಂದು ದಿನ ಪೂಜೆ ಮುಗಿಸಿ ಅಂಗಡಿಯ ಬಾ‌ಗಿಲು ತೆಗೆಯುತ್ತಿದ್ದೆ, ಫೋನು ಬಂತು. ಸಾಹೇಬರ ಮಾತನ್ನು ಕನ್ನಡಕ್ಕೆ ಹೇಳಿದ ಅದೇ ಹುಡುಗಿ. ಅಧ್ಯಕ್ಷರಿಂದ ನನ್ನ ನಂಬರು ತೆಗೆದುಕೊಂಡಿದ್ದಳು.

“ಅಂಕಲ್, ನಿಮ್ಮಣ್ಣನ ವಿಷಯಕ್ಕೆ ಫೋನ್ ಮಾಡಿದೆ. ಕಂಪನಿ ನಿಮ್ಮ ಕಡೆ ಬರ್ತಿಲ್ಲ ಅಂತ ಅವರಿಗೆ ಗೊತ್ತಾಯ್ತಾ?”

“ನಾ ಹೇಳಿಲ್ಲ ತಾಯಿ.”

“ಉಪವಾಸ ಬಿಟ್ಟರಾ?”

“ಇಲ್ಲ.”

ಅವಳ ದನಿ ಇಳಿಯಿತು. “ಮಾತು?”

“ಅದೂ ಇಲ್ಲ.”

“ಹಾಗಾದ್ರೆ... ಇನ್ನೂ ಅಲ್ಲೇ ಕೂತಿದ್ದಾರಾ?”

“ಕುಂತಾರ ತಾಯಿ. ಬೇವಿನ ಗಿಡದ ಬುಡಕ.”

ಆ ಕಡೆ ಯಾರೊಂದಿಗೋ ಗಾಬರಿಯಿಂದ ಇಂಗ್ಲಿಷಿನಲ್ಲಿ ಮಾತಾಡಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಅವಳು ಅಳುವ ಹಾಗಿದ್ದಳು. “ಅಂಕಲ್, ಸಾಹೇಬರು ಇಲ್ಲೇ ಇದ್ದಾರೆ, ತುಂಬ ನೊಂದ್ಕೊಳ್ತಿದ್ದಾರೆ. ನಮ್ಮ ಸಲುವಾಗಿ ಇನ್ನು ಕಾಯೋದು ಬೇಡ, ದಯವಿಟ್ಟು ಎದ್ದು ಮನೆಗೆ ಹೋಗಿ ಅಂತ ಅವರಿಗೆ ಹೇಳಿ ಅಂತಿದ್ದಾರೆ. ಹೇಳ್ತೀರಲ್ವಾ?”

ಇದ್ದದ್ದು ಹೇಳಿದರೆ ಆ ಕೂಸಿನ ಎದೆ ಒಡೆದೀತು. ಸುಳ್ಳು ಹೇಳಿದರೆ ನನ್ನ ಲಿಂಗ ನನ್ನನ್ನು ನೋಡುತ್ತಿದೆ. ಕಣ್ಣುಮುಚ್ಚಿ ಶಿವನನ್ನು ನೆನೆದೆ.

“ಹೇಳಿ ನೋಡ್ತೀನಿ ತಾಯಿ,” ಎಂದೆ. “ಆದ್ರ ನಮ್ಮಣ್ಣನ ಬಲ್ಲೆ ನಾ. ವೈನಿ ಬಾಜೂಕ ಒಮ್ಮಿ ಕುಂತನಂದ್ರ ನನ್ನ ಮಾತಿಗಿ ಎಂದೂ ಎದ್ದವನಲ್ಲ.”